ಅರವತ್ತೇಳನೆಯ ಕಲ್ಲು

ಕಪ್ಪು ಕಲ್ಲೊಂದು ನನ್ನ ಮುಷ್ಟಿಯಲ್ಲಿ ಬೆವರಿನಿಂದ ಒದ್ದೆಯಾಗಿತ್ತು. ಅದನ್ನು ಎಲ್ಲಿಡಬೇಕೆಂದು ಕಂಪ್ಯೂಟರ್ ಆಗಲೇ ಹೇಳಿಯಾಗಿತ್ತು. ಇಡಬೇಕಾದವಳು ನಾನು, ಕೈ ಮುಂದೆ ಹೋಗಲೊಲ್ಲದು.

ಎದುರಿಗೆ ಮಂದಾಕಿನಿ ಮೇಡಂ ಕೂತಿದ್ದರು. ಕಾಲೇಜಿನಲ್ಲಿ ನಮಗೆ ಗಣಿತ ಹೇಳಿದವರು, ಊರಿನ ವಾಚನಾಲಯದ ಮಹಡಿಯಲ್ಲಿ ನಾಲ್ಕು ಜನಕ್ಕೆ ಗೋ ಆಟ ಕಲಿಸಿದವರು. ಹತ್ತೊಂಬತ್ತು ಗೆರೆ ಅಡ್ಡ, ಹತ್ತೊಂಬತ್ತು ಗೆರೆ ಉದ್ದ; ಒಬ್ಬರಿಗೆ ಕಪ್ಪು ಕಲ್ಲು, ಇನ್ನೊಬ್ಬರಿಗೆ ಬಿಳಿ. ಗೆರೆಗಳು ಕೂಡುವಲ್ಲಿ ಒಂದೊಂದಾಗಿ ಇಡುತ್ತ ಹೋಗಬೇಕು, ಹೆಚ್ಚು ಜಾಗ ಸುತ್ತುವರಿದವರು ಗೆದ್ದಂತೆ. ಇಟ್ಟ ಕಲ್ಲನ್ನು ಸರಿಸುವಂತಿಲ್ಲ. ಎದುರಾಳಿ ಸುತ್ತಲೂ ಮುತ್ತಿದರೆ ಅದು ಸತ್ತಂತೆ. ಇಷ್ಟೇ ಆಟ. ಇಷ್ಟರಲ್ಲೇ ನಾನು ಹನ್ನೊಂದು ವರ್ಷ ಅವರ ಕೈಯಲ್ಲಿ ಸೋತಿದ್ದೆ.

"ನಿನಗೆ ಬುದ್ಧಿ ಇದೆ ಕಣೇ, ಕೂರೋ ತಾಳ್ಮೆ ಇಲ್ಲ," ಎಂದಿದ್ದರು ಒಮ್ಮೆ. "ಸಾಯ್ತಿರೋ ಕಲ್ಲಿನ ಹಿಂದೆ ಓಡ್ತೀಯ. ಈ ಆಟ ನಿನ್ನದಲ್ಲ ಬಿಡು."

ಆ ಮಾತು ನಾಟಿತು. ನನ್ನ ಕೈಲಾಗದಿದ್ದರೆ ಆಡಬಲ್ಲ ಯಂತ್ರವನ್ನೇ ಮಾಡುತ್ತೇನೆ ಎಂದು ಹಠ ತೊಟ್ಟೆ. ನಾಲ್ಕು ವರ್ಷ ಪ್ರೋಗ್ರಾಂ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅದು ತನ್ನೊಡನೆ ತಾನೇ ಸಾವಿರಾರು ಆಟ ಆಡಿ ಕಲಿಯಿತು. ಅದು ಆಡುವಾಗ ನಾನು ಕೋಣೆಯಲ್ಲಿ ಶತಪಥ ಹಾಕುತ್ತಿದ್ದೆ. ಮೇಡಂ ಬಾಯಿಂದ 'ಸೋತೆ' ಎಂಬ ಒಂದು ಮಾತು ಕೇಳಬೇಕಿತ್ತು, ಬೇರೇನೂ ಬೇಡವಾಗಿತ್ತು. ಕೊನೆಗೊಂದು ಮಧ್ಯಾಹ್ನ ಅವರು ಒಪ್ಪಿ ಬಂದರು.

ಅರವತ್ತಾರು ಕಲ್ಲುಗಳವರೆಗೆ ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಮೂಲೆಯ ನಮ್ಮ ಏಳು ಕಲ್ಲುಗಳನ್ನು ಮೇಡಂ ಮುತ್ತಿದ್ದರು. ಮುಂದಿನದನ್ನು ಅಲ್ಲೇ ಇಟ್ಟರೆ ಅವು ಉಳಿಯುತ್ತಿದ್ದವು. ಕಂಪ್ಯೂಟರ್ ಮಾತ್ರ ಅವುಗಳ ಗೊಡವೆಯೇ ಬೇಡವೆಂಬಂತೆ ಹಲಗೆಯ ನಟ್ಟನಡುವಿನ ಖಾಲಿ ಜಾಗ ತೋರಿಸುತ್ತಿತ್ತು.

ಪ್ರೋಗ್ರಾಮಿನಲ್ಲಿ ಏನೋ ದೋಷ ಉಳಿದುಬಿಟ್ಟಿದೆ ಎನಿಸಿತು. ಕಾಲು ತಾನಾಗಿ ಕುಣಿಯತೊಡಗಿತು. ಮುಷ್ಟಿಯೊಳಗಿನ ಕಲ್ಲನ್ನು ತಿರುಗಿಸಿದೆ, ಮತ್ತೆ ತಿರುಗಿಸಿದೆ. ಪರೀಕ್ಷೆಗೆಂದು ನಾನೇ ಇಟ್ಟುಕೊಂಡಿದ್ದ ಅನುಕೂಲವೊಂದಿತ್ತು: ಯಂತ್ರದ ನಡೆ ಅಳಿಸಿ ನನ್ನದನ್ನು ತುಂಬಬಹುದು. ತುಂಬಿದೆ. ಕಲ್ಲನ್ನು ಮೂಲೆಯಲ್ಲಿಟ್ಟೆ. ಪರದೆ ನನ್ನ ಕಡೆ ತಿರುಗಿತ್ತು, ಮೇಡಂಗೆ ಕಾಣುವಂತಿರಲಿಲ್ಲ.

ಏಳು ಕಲ್ಲೂ ಉಳಿದವು. ಮಿಕ್ಕಿದ್ದೆಲ್ಲ ಹೋಯಿತು. ನಡುವಿನ ಜಾಗವನ್ನು ಮೇಡಂ ಹಿಡಿದ ಮೇಲೆ ನಮಗೆ ಉಸಿರಾಡಲೂ ಎಡೆಯಿರಲಿಲ್ಲ. ಇನ್ನು ಆಡಿ ಪ್ರಯೋಜನವಿಲ್ಲವೆಂದು ನಾನೇ ಸೋಲೊಪ್ಪಿಕೊಂಡೆ.

ವಾಚನಾಲಯ ನೋಡಿಕೊಳ್ಳುವ ತಿಪ್ಪೇಶಯ್ಯನವರು ಮೆಟ್ಟಿಲೇರಿ ಬಂದು, "ಯಾರು ಗೆದ್ರಮ್ಮ, ಮನುಷ್ಯರೋ ಮಿಷನ್ನೋ?" ಎಂದರು.

"ಇನ್ನೂ ಮುಗಿದಿಲ್ಲ," ಎಂದರು ಮೇಡಂ. ಆಮೇಲೆ ನನ್ನನ್ನು ನೋಡಿ, "ಮೂಲೆಯ ಆ ಕಲ್ಲು ಯಂತ್ರದ್ದಲ್ಲ, ಅಲ್ವಾ?"

ಮುಖಕ್ಕೆ ಬೆಂಕಿ ತಗುಲಿದಂತಾಯಿತು. "ಹೇಗೆ ಗೊತ್ತಾಯ್ತು ಮೇಡಂ?"

"ಹನ್ನೊಂದು ವರ್ಷ ನಿನ್ನೆದುರು ಕೂತಿದ್ದೀನಲ್ಲೇ. ನಿನ್ನ ಕೈ ನನಗೆ ಗೊತ್ತಾಗಲ್ವಾ? ಅದು ಎಲ್ಲಿಡು ಅಂದಿತ್ತು?"

ತೋರಿಸಿದೆ.

"ಹಾಗಾದ್ರೆ ಅಲ್ಲಿಡು. ಅಲ್ಲಿಂದ ಮತ್ತೆ ಆಡೋಣ."

ದಾಖಲೆ ನೋಡಿಕೊಂಡು ಅರವತ್ತೇಳರಿಂದ ಈಚಿನ ಕಲ್ಲುಗಳನ್ನೆಲ್ಲ ತೆಗೆದೆವು. ಈ ಸಲ ಅದು ಹೇಳಿದಲ್ಲೇ ಇಟ್ಟೆ. ಏಳು ಕಲ್ಲುಗಳು ಸತ್ತವು. ಮೇಡಂ ಅವನ್ನು ಒಂದೊಂದಾಗಿ ಎತ್ತಿಕೊಂಡರು. ಆದರೆ ನಡುವಿನಿಂದ ಕಪ್ಪು ನಾಲ್ಕೂ ಕಡೆ ಹಬ್ಬತೊಡಗಿತು. ಮೇಡಂ ಒಂದೊಂದು ಕಲ್ಲಿಗೂ ಬಹಳ ಹೊತ್ತು ಯೋಚಿಸಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಕೊನೆಗೆ ಕೈಯಲ್ಲಿದ್ದ ಬಿಳಿ ಕಲ್ಲನ್ನು ಡಬ್ಬಿಗೆ ಹಾಕಿ, "ಸೋತೆ," ಎಂದರು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ನಿಜವಾಗ್ಲೂ ಮೇಡಂ?"

"ನಿನ್ನ ಪ್ರೋಗ್ರಾಮಿಗೆ ಸೋತೆ. ನಿನಗಲ್ಲ. ನಿನ್ನನ್ನ ಆಗಲೇ ಸೋಲಿಸಿ ಆಯ್ತಲ್ಲ." ದನಿಯಲ್ಲಿ ಗೇಲಿಯಿರಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು, "ಒಳ್ಳೇದನ್ನೇ ಮಾಡಿದ್ದೀಯ. ನೀನೇ ಅದನ್ನ ನಂಬಲಿಲ್ಲ," ಎಂದು ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲಿಳಿದರು.

ಖುಷಿಯಾಗಬೇಕಿತ್ತು. ಅಳು ಬಂತು. ಆಟ ಮುಗಿಯಿತೆಂದು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ, ಹೇಳಬೇಕಾದವಳು ನಾನೇ. ಮೇಡಂ ಇಡಲಿರುವ ಮುಂದಿನ ಕಲ್ಲಿಗಾಗಿ ಅದು ಕದಲದೆ ಕಾಯುತ್ತಿತ್ತು.