ಐನೂರನೇ ನಂಬರು

ಗೋಕುಲ ರಸ್ತೆಯ ನಮ್ಮ ಎರಕದ ಕಾರ್ಖಾನೆಯಲ್ಲಿ ಮರಳು ಹೋಗದ ಜಾಗವಿರಲಿಲ್ಲ. ಊಟದ ಡಬ್ಬಿಯೊಳಗೂ ಕರಕರ, ಫ್ಲಾಪಿಯೊಳಗೂ ಕರಕರ. ಮಹಡಿಯ ಪರೀಕ್ಷಾ ಕೋಣೆಯಲ್ಲಿ ನಾನು ವರದಿ ಬರೆದು, ಫ್ಲಾಪಿಗೆ ಹಾಕಿ, ಮೆಟ್ಟಿಲಿಳಿದು ಆಫೀಸಿಗೆ ಕೊಟ್ಟರೆ ಮ್ಯಾನೇಜರ್ ಪರಮೇಶ ಅವರು ತಲೆ ಎತ್ತದೆ, "ಇದು ಓಪನ್ ಆಗವಲ್ದು, ಮತ್ತ ತರ್ರಿ" ಎನ್ನುತ್ತಿದ್ದರು. ದಿನಕ್ಕೆ ಏಳೆಂಟು ಸಲ. ೨೦೦೩ರ ಬೇಸಿಗೆಯಲ್ಲಿ ನನಗೆ ಸಾಕೋ ಸಾಕಾಯಿತು.

"ಎರಡೂ ಕಂಪ್ಯೂಟರಿಗೆ ವಾಯರ್ ಎಳೀತೇನಿ," ಎಂದೆ.

"ಅದು ನಿಮ್ಮಿಂದ ಆಗೂದಲ್ಲ ಬಿಡ್ರಿ, ಎಸ್ತರ್ ಅವರ."

ಆಗುವುದಿಲ್ಲ ಎಂದರೆ ನನಗೆ ಮೈ ಉರಿಯುತ್ತದೆ. ನಮ್ಮಪ್ಪ ಎಬಿನೇಜರ್ ಮಾಸ್ತರರಿಂದ ಬಂದ ಗುಣ ಅದು. ಕಂಪ್ಯೂಟರ್ ಮಾಸಿಕದ ಜೊತೆ ಪುಕ್ಕಟೆ ಬಂದಿದ್ದ ಸಿ.ಡಿ.ಯಿಂದ ಎರಡಕ್ಕೂ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿದೆ. ಕಿಟಕಿಯಿಂದ ವಾಯರ್ ಇಳಿಬಿಟ್ಟೆ. ನನ್ನ ಕಂಪ್ಯೂಟರಿನಲ್ಲಿರುವ ವರದಿಗಳ ಫೋಲ್ಡರು ಕೆಳಗಿನ ಕಂಪ್ಯೂಟರಿನಲ್ಲೂ ಅಲ್ಲಿಯದೇ ಎಂಬಂತೆ ತೆರೆದುಕೊಳ್ಳಬೇಕು, ಅಷ್ಟೇ. ಅದಕ್ಕೆ ಬೇಕಾದದ್ದು ಒಂದು ಸಾಲು: ಯಾವ ಫೋಲ್ಡರು, ಯಾವ ಕಂಪ್ಯೂಟರಿಗೆ, ಓದಲಿಕ್ಕಷ್ಟೋ ಬರೆಯಲಿಕ್ಕೂ ಸೈಯೋ. "ನಮಗೂ ಬರ್ಯಾಕ ಬರೂಹಂಗ ಮಾಡ್ರಿ, ಗಿರಾಕಿ ವಿಳಾಸ ನಾನ ತುಂಬಬೇಕಲ್ಲ" ಎಂದರು ಪರಮೇಶ. ಮಾಡಿಕೊಟ್ಟೆ. ಆ ಒಂದು ಸಾಲು ಸರಿಹೋಗಲು ಮೂರು ದಿನ ಹಿಡಿಯಿತು ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

ಕಾರ್ಖಾನೆಯ ಸಾವಕಾರ್ರು ಬೀರಲಿಂಗಪ್ಪನವರು ಬಂದು ನೋಡಿದಾಗ ಪರದೆ ತೋರಿಸಿ ಜಂಭದಿಂದ ಹೇಳಿದೆ: "ಯಾವ ವರದಿ ಯಾರು ಬರದಾರಂತ ಅದ ಹೆಸರು ತೋರಸ್ತೈತ್ರಿ."

"ಹಂಗಾರ ಛಲೋ ಆತು," ಎಂದರು ಅವರು. "ಕೈ ತೊಳಕೊಳ್ಳಾಕ ಬರೂದಿಲ್ಲ ಯಾರಿಗೂ."

ಎರಡು ವಾರದ ನಂತರ ೬೪ನೇ ಲಾಟಿನ ಮಾಲು ಪರೀಕ್ಷೆಗೆ ಬಂತು. ಬಸ್ಸಿನ ಬ್ರೇಕ್ ಡ್ರಮ್ಮುಗಳು. ಗಡಸುತನ ೨೩೦ ದಾಟಬಾರದು, ಪಾಸಾದ ವರದಿ ಜೊತೆಗಿಲ್ಲದೆ ಮಾಲು ಗೇಟು ದಾಟಬಾರದು. ೬೪ನೇ ಲಾಟಿನದು ೨೮೫ ಇತ್ತು. ಅಷ್ಟು ಗಡಸಾದ ಡ್ರಮ್ಮು ಬಿಸಿ ಏರಿದಾಗ ಬಿರಿಯುತ್ತದೆ. ಇಳಿಜಾರಿನಲ್ಲಿ ಬಿರಿದರೆ ಬಸ್ಸು ನಿಲ್ಲುವುದಿಲ್ಲ. ಮೂರು ಡ್ರಮ್ಮು ಬೇರೆ ಬೇರೆಯಾಗಿ ಪರೀಕ್ಷಿಸಿ "ನಾಪಾಸು" ಎಂದು ಬರೆದಿಟ್ಟು, ಮೂರು ಗಂಟೆಗೆ ಕಬ್ಬಿಣ ಕರಗಿಸುವ ಭಟ್ಟಿಯ ಹತ್ತಿರ ಹೋಗಿ, ಅರ್ಧ ಗಂಟೆ ಅಲ್ಲಿದ್ದು ಮೇಲೆ ಬಂದೆ.

ನಾಲ್ಕು ಗಂಟೆಗೆ ಭಟ್ಟಿಯ ಮಿಸ್ತ್ರಿ ಗುಲಾಬಸಾಬ ಏದುಸಿರು ಬಿಡುತ್ತ ಮಹಡಿ ಹತ್ತಿದ. "ಬಾಯಾರ, ಅರವತ್ನಾಕು ಲಾರಿಗೆ ಏರಾಕತ್ತೈತ್ರಿ! ನಾ ಒಂದು ಒಡದು ನೋಡೇನಿ, ಒಳಗ ಬೆಳ್ಳಗ ಐತಿ. ಛಲೋ ಕಬ್ಬಿಣ ಒಳಗ ಬೂದಿ ಬಣ್ಣ ಇರಬೇಕು. ನೀವು ಪಾಸ್ ಮಾಡೀರಂತ?"

ವರದಿ ತೆರೆದೆ. ೨೮೫ ಹೋಗಿ ೨೨೫ ಆಗಿತ್ತು, ನಾಪಾಸು ಹೋಗಿ ಪಾಸು. ಬದಲಾದ ಹೊತ್ತು ಮೂರು ಹತ್ತು. ಬರೆದವರ ಹೆಸರು: ಎಸ್ತರ್.

ಮೂರು ಹತ್ತಕ್ಕೆ ನಾನು ಇದೇ ಗುಲಾಬಸಾಬನ ಎದುರು ನಿಂತಿದ್ದೆ! ದಡದಡ ಆಫೀಸಿಗೆ ಇಳಿದು, ನನ್ನ ವರದಿ ತಿದ್ದಿದವರು ಯಾರು ಎಂದು ಕೇಳಿದೆ.

"ಕಂಪ್ಯೂಟರ್ ಸುಳ್ಳ ಹೇಳ್ತೈತೇನ್ರಿ?" ಎಂದು ಪರಮೇಶ ನಕ್ಕರು. "ಹೆಸರು ನಿಮ್ದ ಐತಲ್ಲ. ನೀವ ಹೇಳಿದ್ರಲ್ಲ, ಅದ ತೋರಸ್ತೈತಿ ಅಂತ."

ಅವರ ಕೀಬೋರ್ಡು ನನ್ನ ಕಡೆ ಎಳೆದುಕೊಂಡು ಎರಡೇ ಅಕ್ಷರ ಒತ್ತಿದೆ. ಅವರ ಬಳಕೆದಾರ ನಂಬರು ಐನೂರು ಎಂದು ಬಂತು. ನನ್ನದೂ ಐನೂರು. ಲಿನಕ್ಸ್ ತನ್ನಲ್ಲಿ ಮೊದಲು ಸೇರಿದವರಿಗೆ ಆ ನಂಬರು ಕೊಡುತ್ತದೆ. ಮೇಲೆ ಮೊದಲು ಸೇರಿದವಳು ನಾನು, ಕೆಳಗೆ ಅವರು. ವಾಯರಿನಲ್ಲಿ ಹೋಗುವುದು ಹೆಸರಲ್ಲ, ನಂಬರು; ಆ ನಂಬರಿಗೆ ಮೇಲಿನ ಕಂಪ್ಯೂಟರು ತನ್ನಲ್ಲಿರುವ ಹೆಸರು ಹಚ್ಚುತ್ತದೆ. ಅವರು ಕೆಳಗೆ ಕೂತು ಏನು ಬರೆದರೂ ಮೇಲೆ ನನ್ನ ಹೆಸರಿಗೆ ಬರುತ್ತಿತ್ತು. ತಪ್ಪು ನನ್ನದೇ. ನನ್ನ ಜಂಭಕ್ಕೆ ನಾನೇ ಬೈದುಕೊಂಡೆ. ಆದರೆ ಬಸ್ಸಿನಲ್ಲಿ ಕೂರುವವರು ನನ್ನ ಜಂಭಕ್ಕೆ ಯಾಕೆ ಸಾಯಬೇಕು?

ಮೇಲೆ ಹೋಗಿ ಆ ಒಂದು ಸಾಲು ತಿದ್ದಿದೆ. ಕೆಳಗಿನವರಿಗೆ ಇನ್ನು ಓದಲಿಕ್ಕಷ್ಟೇ. ವರದಿಗೆ ೨೮೫, ನಾಪಾಸು ಎಂದು ಮತ್ತೆ ಬರೆದೆ.

ಹತ್ತು ನಿಮಿಷಕ್ಕೆ ಪರಮೇಶ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದರು. ಎರಡು ವರ್ಷದಲ್ಲಿ ಅವರು ಮಹಡಿ ಹತ್ತಿದ್ದು ಅದೇ ಮೊದಲು.

"ಬರ್ಯಾಕ ಬರವಲ್ದು!"

"ಓದಾಕ ಬರ್ತೈತಲ್ರಿ? ಓದ್ರಿ."

"ನಾಳಿಂದ ಕೆಲಸಕ್ಕ ಬರಬ್ಯಾಡ್ರಿ ಹಂಗಾರ."

"ನಾಳಿ ಮಾತು ನಾಳಿ. ಇವತ್ತ ಲಾಟು ಹೋಗೂದಿಲ್ಲ."

ಅವರು ಸಾವಕಾರ್ರನ್ನು ಕರೆತಂದರು. ಬೀರಲಿಂಗಪ್ಪನವರು ಬೆವರು ಒರೆಸಿಕೊಳ್ಳುತ್ತ, "ಎಸ್ತರವ್ವ, ಗಿರಾಕಿ ಕಾಯಾಕತ್ತಾನ. ಲಾರಿ ನಿಂತೈತಿ. ಪರಮೇಶಗ ಬರ್ಯಾಕ ಬಿಡು," ಎಂದರು. ಕೇಳುವ ದನಿಯಲ್ಲ, ಹುಕುಂ.

"ಬಿಡ್ತೇನ್ರಿ ಸಾವಕಾರ್ರ. ಹತ್ತು ನಿಮಿಷ ಕೊಡ್ರಿ," ಎಂದೆ. ಪರಮೇಶ ಗೆದ್ದವರಂತೆ ಕುರ್ಚಿ ಎಳೆದುಕೊಂಡು ಕೂತರು.

ಕೆಳಗಿನ ಕಂಪ್ಯೂಟರಿನಲ್ಲಿ ಅವರ ನಂಬರನ್ನು ಐನೂರಾ ಒಂದು ಮಾಡಿದೆ. ಮೇಲಿನದರಲ್ಲಿ ಅದೇ ನಂಬರಿಗೆ ಅವರ ಹೆಸರು ಕೊಟ್ಟೆ. ಫೋಲ್ಡರಿನಲ್ಲಿ ಅವರಿಗೆ ಬರೆಯಲು ಬಿಟ್ಟೆ, ನನ್ನ ವರದಿಯೊಂದನ್ನು ಬಿಟ್ಟು. ಎಲ್ಲರನ್ನೂ ಆಫೀಸಿಗೆ ಕರೆದೆ. ಗುಲಾಬಸಾಬ ಒಡೆದ ಡ್ರಮ್ಮಿನ ಚೂರು ಹಿಡಿದು ಬಾಗಿಲಲ್ಲಿ ನಿಂತ.

"ಈಗ ಬರ್ತೈತ್ರಿ," ಎಂದೆ. "ನಂದು ಮುಟ್ಟಾಕ ಬರೂದಿಲ್ಲ. ಅದರ ಬಾಜೂಕ ನಿಮ್ದೊಂದು ಬರೀರಿ. ಇನ್ನೂರಾ ಇಪ್ಪತ್ತೈದು, ಪಾಸು. ಆದ್ರ ಈ ಸಲ ನಿಮ್ಮ ಹೆಸರ ಬೀಳತೈತಿ, ಪರಮೇಶ ಅವರ. ಬರೀರಿ!"

ಪರಮೇಶ ಪರದೆ ನೋಡಿದರು, ಗುಲಾಬಸಾಬನ ಕೈಯ ಬಿಳಿ ಚೂರು ನೋಡಿದರು. ಬೆರಳು ಕೀಬೋರ್ಡಿನ ಮೇಲೆ ಇಟ್ಟರು. ಒತ್ತಲಿಲ್ಲ.

"ಬರೀಪಾ," ಎಂದರು ಸಾವಕಾರ್ರು. "ಯಾಕ ತಡಾ?"

ಹೊರಗೆ ಲಾರಿ ಎರಡು ಸಲ ಹಾರ್ನ್ ಹಾಕಿತು. ಪರಮೇಶ ಕೈ ಹಿಂದೆಗೆದು ಪ್ಯಾಂಟಿಗೆ ಒರೆಸಿಕೊಂಡರು.

"ಇನ್ನೊಮ್ಮೆ ಪರೀಕ್ಷಾ ಮಾಡಸೂದು ಛಲೋ ಅನಸ್ತೈತ್ರಿ, ಸಾವಕಾರ್ರ."

ಬೀರಲಿಂಗಪ್ಪನವರು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಮಾಡ್ತೀಯೇನವಾ ಇನ್ನೊಮ್ಮೆ?"

"ಇಲ್ರಿ," ಎಂದೆ. "ನಾ ಒಮ್ಮೆ ಬರದೇನಿ."

ಗುಲಾಬಸಾಬ ಆಗಲೇ ಅಂಗಳಕ್ಕಿಳಿದು ಕೂಗುತ್ತಿದ್ದ: "ಇಳಸ್ರೋ ಎಲ್ಲಾ, ಲಗೂ ಇಳಸ್ರಿ!"