ಆಟೋ ಗುರುತು

ಈ ದೇಶ ಹಾಳಾಗಿರುವುದೇ ತಿಳಿಗೇಡಿಗಳ ವೋಟಿನಿಂದ ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ದೊಡ್ಡನೆಕ್ಕುಂದಿಯಲ್ಲಿ ನಮ್ಮದು ಹನ್ನೊಂದು ಶೀಟಿನ ಮನೆಗಳ ಸಾಲು. ಬಾಡಿಗೆಗಿರುವವರೆಲ್ಲ ಕೊಪ್ಪಳದ ಕಡೆಯ ಗಾರೆ ಕೆಲಸದವರು. ಪಕ್ಕದ ರಾಜಕಾಲುವೆಗೆ ಸೋಮಪ್ಪನೆಂಬ ಪುಣ್ಯಾತ್ಮ ಲಾರಿಗಟ್ಟಲೆ ಕಟ್ಟಡದ ಮಣ್ಣು ಸುರಿಸಿ ಶೆಡ್ ಎಬ್ಬಿಸಿದ್ದ. ಮಳೆ ಬಂದರೆ ಕೊಳಚೆ ನೀರು ನೇರ ಮನೆಗಳೊಳಕ್ಕೆ. ಕಳೆದ ಮಳೆಗಾಲದಲ್ಲಿ ಕೊನೆಯ ಮನೆಯ ಮುದುಕವ್ವನ ಜೋಳದ ಚೀಲ, ಅವಳ ಮೊಮ್ಮಗಳ ಪುಸ್ತಕ ಎಲ್ಲ ಕೊಚ್ಚೆಪಾಲಾದವು. ಅವತ್ತು ಮೋಟಾರ್ ತಂದು, ಮೊಣಕಾಲುದ್ದ ನೀರಲ್ಲಿ ನಿಂತು, ನೀರು ಹೊರಹಾಕಿದವನು ನಮ್ಮ ಬೀದಿಯ ಮುನೀಂದ್ರ ಒಬ್ಬನೇ.

ಹತ್ತು ವರ್ಷದಿಂದ ನಡೆಯದಿದ್ದ ವಾರ್ಡ್ ಚುನಾವಣೆ ಈ ವರ್ಷ ಬಂತು. ಕಾಲುವೆ ತೆರವು ಮಾಡಿಸುತ್ತೇನೆಂದು ಮುನೀಂದ್ರ ಪಕ್ಷೇತರನಾಗಿ ನಿಂತ. ಸೋಮಪ್ಪನೂ ನಿಂತ, ಅವನೂ ಪಕ್ಷೇತರ. ಹಿಂದಿನ ಸಲ ಮುನೀಂದ್ರ ನಿಂತು ಸೋತಾಗ ಅವನ ಗುರುತು ಆಟೋ. ನಾನು ಮನೆಮನೆಗೂ ಹೋಗಿ, ಆಟೋಗೆ ಹಾಕಿ, ಸೀರೆಗೆ ವೋಟು ಮಾರಿಕೊಳ್ಳಬೇಡಿ ಎಂದು ತಾಕೀತು ಮಾಡಿದೆ. ಮತಗಟ್ಟೆಯಲ್ಲಿ ಮುದುಕವ್ವ ತುಂಬಾ ಹೊತ್ತು ಮಾಡಿದಳು. ಹೊರಗೆ ಬಂದವಳನ್ನು, ಒಂದು ಆಟೋ ಹುಡುಕೋದಕ್ಕೆ ಇಷ್ಟೊತ್ತಾ ಎಂದು ಎಲ್ಲರೆದುರೇ ಗದರಿದೆ. ಅವಳು ಸೆರಗು ಸರಿಮಾಡಿಕೊಂಡು ಮನೆ ಕಡೆ ನಡೆದಳು.

ಮುನೀಂದ್ರ ಒಂಬತ್ತು ವೋಟಿನಲ್ಲಿ ಸೋತ. ಗೆದ್ದವನು ಸೋಮಪ್ಪ. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟೂ ಜನರನ್ನು ಅಂಗಳಕ್ಕೆ ಕರೆಸಿ, ಉಪಕಾರ ಮಾಡಿದವನಿಗೇ ಎರಡು ಬಗೆದವರು ಯಾರು ಎಂದು ಕೂಗಾಡಿದೆ.

ಗಾರೆ ಮೇಸ್ತ್ರಿಯ ಹೆಂಡತಿ ಭಾಗ್ಯಶ್ರೀ ತಲೆಯೆತ್ತಿದಳು. “ನೀವು ಹೇಳಿದ್ದಕ್ಕ ಎಲ್ಲಾರೂ ಆಟೋಕ್ಕ ಹಾಕೀವ್ರಿ, ಅಕ್ಕಾರ.”

ಹಾಗೆಂದವಳು ನನ್ನ ಗೇಟಿನ ಕಡೆ ಕೈ ತೋರಿಸಿದಳು. ಹದಿನೈದು ದಿನದಿಂದ ಅಲ್ಲಿ ಮುನೀಂದ್ರನ ಕರಪತ್ರ ಅಂಟಿಕೊಂಡಿತ್ತು. ಅವನ ಫೋಟೋದ ಕೆಳಗಿದ್ದದ್ದು ಹೊಲಿಗೆ ಯಂತ್ರ. ಈ ಸಲ ಆಟೋ ಸಿಕ್ಕಿದ್ದು ಸೋಮಪ್ಪನಿಗೆ. ಪಕ್ಷೇತರರ ಗುರುತು ಪ್ರತಿ ಚುನಾವಣೆಗೂ ಬದಲಾಗುತ್ತದೆನ್ನುವುದು ಬಿ.ಕಾಂ. ಓದಿದ ಈ ತಲೆಗೆ ಹೊಳೆಯಲಿಲ್ಲ, ಥೂ! ಮತಯಂತ್ರದ ಮೇಲಿನ ಫೋಟೋ ಕಡೆ ಕಣ್ಣೂ ಹಾಯಿಸದೆ ನಾನೂ ಆಟೋಗೇ ಹಾಕಿ ಬಂದಿದ್ದೆ.

“ನನಗ ಓದಾಕ ಬರಂಗಿಲ್ರಿ,” ಎಂದಳು ಮುದುಕವ್ವ, ಮೆಲ್ಲಗೆ. “ಅದಕ್ಕ ಒಂದೊಂದ ಫೋಟೋ ನೋಡಿ, ನೀರಾಗ ನಿಂತಿದ್ದ ಹುಡುಗನ ಮಾರಿ ಹುಡುಕಿ ಹಾಕಿದೆ.”

ಅವಳನ್ನು ನೋಡುವುದಕ್ಕೇ ನನಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಸೋಮಪ್ಪ ಹಾರ ಹಾಕಿಕೊಂಡು ಬಂದು ನನ್ನ ಮುಂದೆ ಕೈ ಮುಗಿದ. “ನಿಮ್ಮ ಸಾಲಿನ ವೋಟು ಪೂರ್ತಿ ನಮಗೇ ಬಿತ್ತಂತೆ. ಈ ಉಪಕಾರ ಮರೆಯಲ್ಲ ಅಕ್ಕ.”

ಅವನ ಬೆನ್ನ ಹಿಂದೆ ಮಣ್ಣು ತುಂಬಿದ ಲಾರಿಯೊಂದು ಕಾಲುವೆ ಕಡೆ ತಿರುಗುತ್ತಿತ್ತು. ಒಂದು ವೋಟು ಬಿಟ್ಟು ಎಂದು ಹೇಳುವುದಕ್ಕೂ ನನಗೆ ಬಾಯಿ ಬರಲಿಲ್ಲ.