ಗೋಡೆಯಾಚೆಯ ಕೆಮ್ಮು

ದೋಣಿಯಕ್ಕನ ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದಿದ್ದವು. ದೋಣಿಯ ಬ್ಯಾಟರಿ ಇವತ್ತೂ ನಡುಹೊಳೆಯಲ್ಲಿ ಕೈಕೊಟ್ಟಿತ್ತು. ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲ ಆಚೆ ದಡದಲ್ಲೇ. ಬಸುರಿಯೊಬ್ಬಳನ್ನು ಕೂರಿಸಿಕೊಂಡು ಅಲ್ಲಿಯವರೆಗೂ ಹುಟ್ಟು ಹಾಕಿದ್ದಳು. ಇಳಿಯುವಾಗ ಆ ಹುಡುಗಿ, ತನ್ನ ನೋವಿನ ನಡುವೆಯೂ, ಕರವಸ್ತ್ರ ತೆಗೆದು ಅವಳ ಕೈಗೆ ಸುತ್ತಿದ್ದಳು.

"ಅರ್ಧ ಚಾರ್ಜ್ ಮಾಡಿ ಕಳಿಸ್ತಾರಲ್ಲ ಶೆಡ್ಡಿನೋರು, ಇವರ ಮನೆ ಹಾಳಾಗ!" ಎಂದ ಪಕ್ಕದ ದೋಣಿಯ ಮುದುಕ, ಬೀಡಿಮಾವ. "ಕೇಳಿದ್ರೆ ಮೋಡ, ಬಿಸಿಲಿಲ್ಲ ಅಂತಾರೆ. ಎಲ್ಲಿದೆ ಮೋಡ, ಅವರ ತಲೆ ಒಳಗಾ? ನೀನು ಹೇಳಿದೆ ಅಂತ ತಾನೇ ಕಣೇ ನಾವೆಲ್ಲ ಇಂಜಿನ್ ಬಿಚ್ಚಿ ಕೊಟ್ಟಿದ್ದು?"

ಅವಳು ಕರವಸ್ತ್ರದ ಗಂಟು ಬಿಗಿದಳು. ಮಾತು ನಿಜವಾಗಿತ್ತು.

ಸೋಲಾರ್ ದೋಣಿ ಯೋಜನೆಯ ಸಾಹೇಬ ಮೊದಲು ಬಂದದ್ದು ಅವಳ ಮನೆಗೇ. ಚಪ್ಪಲಿ ಬಿಟ್ಟು ಕೆಸರಿಗಿಳಿದು ದೋಣಿ ನೂಕಿದ್ದ. "ಅಮ್ಮಾ, ಡೀಸೆಲ್ ಹೊಗೆ ಕುಡಿದೂ ಕುಡಿದೂ ನಿಮ್ಮ ಯಜಮಾನ್ರು ಹೋದ್ರು. ಇಂಜಿನ್ ಕೊಡಿ, ಗುಜರಿಗೆ ಹಾಕ್ತೀವಿ. ಬಿಸಿಲಲ್ಲಿ ಚಾರ್ಜಾಗೋ ಬ್ಯಾಟರಿ ಮೋಟಾರು ಕೊಡ್ತೀವಿ" ಎಂದಿದ್ದ. ಅವಳಿಗೆ ಅವನು ಮಗನಂತೆಯೇ ಕಂಡಿದ್ದ. ದೋಣಿಯಿಂದ ದೋಣಿಗೆ ಹೋಗಿ ಎಲ್ಲರನ್ನೂ ಒಪ್ಪಿಸಿದ್ದಳು.

ಬ್ಯಾಟರಿ ಹೊತ್ತು ಈ ದಡದ ಚಾರ್ಜಿಂಗ್ ಶೆಡ್ಡಿಗೆ ನಡೆದಳು. ಶೆಡ್ಡು ಡೀಸೆಲ್ ಬಂಕಿನ ಧಣಿಯ ಜಾಗದಲ್ಲಿತ್ತು; ಚಾರ್ಜ್ ಮಾಡಿಕೊಡುವ ಗುತ್ತಿಗೆಯೂ ಅವನದೇ. ಕಿಟಕಿಯಲ್ಲೇ ಕೊಟ್ಟು ಹೋಗಬೇಕು, ಒಳಗೆ ಬಿಡುತ್ತಿರಲಿಲ್ಲ. ಒಳಗೆ ಯಾವಾಗಲೂ ರೇಡಿಯೋ ಕಿರುಚುತ್ತಿತ್ತು.

ಅಂದು ರೇಡಿಯೋ ತಟ್ಟನೆ ನಿಂತಿತು.

ಗೋಡೆಯಾಚೆ ಟುಕು ಟುಕು ಟುಕು, ಒಂದು ಕೆಮ್ಮು. ಮತ್ತೆ ಟುಕು ಟುಕು ಟುಕು, ಕೆಮ್ಮು.

"ನಂಗೂ ಈ ಇಂಜಿನ್‌ಗೂ ಒಂದೇ ಕೆಮ್ಮು ಕಣೇ" ಎಂದು ಗಂಡ ನಗುತ್ತಿದ್ದ. ಅವಳು ಬಾಗಿಲು ದೂಡಿದಳು. ದೋಣಿಗಳಿಂದ ಬಿಚ್ಚಿಕೊಟ್ಟ ಇಂಜಿನ್‌ಗಳೆಲ್ಲ ಸಾಲಾಗಿ ಕೂತಿದ್ದವು. ಅವಳದು ಹೊಗೆ ಉಗುಳುತ್ತ, ಬ್ಯಾಟರಿಗಳಿಗೆ ಕರೆಂಟು ಕೊಡುವ ಡೈನಮೋ ತಿರುಗಿಸುತ್ತಿತ್ತು. ಛಾವಣಿಯ ಸೋಲಾರ್ ಹಲಗೆಗಳಿಂದ ಒಂದು ತಂತಿಯೂ ಒಳಗೆ ಇಳಿದಿರಲಿಲ್ಲ.

ಧಣಿಯ ಪಕ್ಕ ಕೂತಿದ್ದ ಸಾಹೇಬ ಗಡಬಡಿಸಿ ಎದ್ದ. "ಅಮ್ಮಾ... ಸ್ವಲ್ಪ ದಿನ ಅಷ್ಟೇ. ಮೇಲಿನವರು..."

"ನಿಮಗೆ ಗೊತ್ತಿತ್ತಾ, ಸಾಹೇಬ್ರೇ?"

ಅಲ್ಲಿಯವರೆಗೂ ಅವನನ್ನು 'ಮಗಾ' ಎನ್ನುತ್ತಿದ್ದಳು. ಅವನು ತನ್ನ ಕುರ್ಚಿಯನ್ನು ಅವಳತ್ತ ಸರಿಸಿದ. ಈಗಲೂ ಅದೇ ಮರ್ಯಾದೆ. ಅದೇ ಹೆಚ್ಚು ಚುಚ್ಚಿತು.

ಧಣಿ ನಕ್ಕ. "ನಿನ್ನ ಇಂಜಿನ್ ಬೇಕಾದ್ರೆ ಎತ್ಕೊಂಡು ಹೋಗೇ. ಡೀಸೆಲ್ ನಮ್ಮಲ್ಲೇ ಸಿಗುತ್ತೆ."

ಅವಳು ಹೊರಬಂದು ಹೊಳೆಯತ್ತ ಕೂಗಿದಳು. ದೋಣಿಯವರೆಲ್ಲ ಓಡಿಬಂದರು. ಒಳಗೆ ಇಣುಕಿದ ಬೀಡಿಮಾವ ತೋಳೇರಿಸಿದ. "ಹಿಡೀರೋ, ನಮ್ಮ ಇಂಜಿನ್ ಎತ್ತೋಣ!"

"ಅದು ಬೇಡ ಮಾವ. ಮತ್ತೆ ಇವನ ಬಂಕಿಗೇ ಬಂದು ನಿಲ್ಬೇಕಾ?" ಅವಳು ಛಾವಣಿ ನೋಡಿದಳು. "ಆ ಹಲಗೆಗಳು ನಮ್ಮ ಹೆಸರಲ್ಲಿ ಬಂದಿದ್ದು. ಏಣಿ ತನ್ನಿ."

ಮೊದಲ ಹಲಗೆ ಕೈಯಿಂದ ಕೈಗೆ ಇಳಿಯಿತು. ಬೀಡಿಮಾವ ಅದರ ಧೂಳನ್ನು ತನ್ನ ಅಂಗಿಯಿಂದಲೇ ಒರೆಸಿದ.

"ಪೊಲೀಸರನ್ನ ಕರೀತೀನಿ!" ಧಣಿ ಅಬ್ಬರಿಸಿದ.

"ಕರೀರಿ" ಎಂದಳು ದೋಣಿಯಕ್ಕ, ಏಣಿ ಹಿಡಿದುಕೊಂಡು. "ಅವರನ್ನ ಹೊಳೆ ದಾಟಿಸೋರು ನಾವೇ ತಾನೇ."